ಬೋಲ್ಟ್ ಇಲ್ಲದ ಬಂದೂಕುಗಳನ್ನು ಹೊರುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉತ್ತರ ಜಟ್ಲೆಂಡಿನ ನಮ್ಮ ಪುಟ್ಟ ವಿಮಾನ ನಿಲ್ದಾಣದಲ್ಲಿ ಕಾಫಿ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಸೈಕಲ್ಲು, ಮಗುವಿನ ತಳ್ಳುಗಾಡಿಗಳನ್ನೆಲ್ಲ ಒಪ್ಪಿಸುವ ಮೂಲೆಯ ಕೌಂಟರಿನಲ್ಲಿ ತೋರ್ಕಿಲ್ ಬ್ರಾಂಡುಮ್ ಉದ್ದನೆಯ ಕಪ್ಪು ಪೆಟ್ಟಿಗೆಯೊಂದರ ಮುಚ್ಚಳ ತೆರೆಯುತ್ತಾರೆ. ಒಳಗೆ ಬೇಟೆಯ ರೈಫಲ್. ನಳಿಗೆಯ ಹಿಂಬದಿಗೆ ಟಾರ್ಚ್ ಹಿಡಿಯುತ್ತಾರೆ, ಆಮೇಲೆ ಕಿರುಬೆರಳು ತೂರಿಸಿ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಕಣ್ಣು ಕಂಡದ್ದನ್ನು ಬೆರಳೂ ಒಪ್ಪಬೇಕು.

"ಬೋಲ್ಟ್ ಎಲ್ಲಿ?"

"ಬೇರೆ ಚೀಲದಲ್ಲಿದೆ," ಎನ್ನುತ್ತಾನೆ ಪೆಟ್ಟಿಗೆ ತಂದ ಪ್ರಯಾಣಿಕ.

"ತೋರ್ಸಿ ನೋಡೋಣ."

ಬೋಲ್ಟ್ ಎಂದರೆ ಗುಂಡನ್ನು ಒಳಕ್ಕೆ ತಳ್ಳಿ ಹಿಡಿಯುವ, ಅಂಗೈಯುದ್ದದ ಉಕ್ಕಿನ ತುಂಡು. ಅದಿಲ್ಲದೆ ಬಂದೂಕು ಬರೀ ಕೊಳವೆ. ನಮ್ಮ ಕಡೆಯ ಬೇಟೆಗಾರರಲ್ಲಿ ಹೆಚ್ಚಿನವರು ಮನೆಯಲ್ಲೂ ಅದನ್ನು ಬೇರೆ ಬೀಗದಲ್ಲಿಡುತ್ತಾರೆ, ವಿಮಾನಕ್ಕೂ ಬೇರೆಯಾಗಿಯೇ ತರುತ್ತಾರೆ. ಬಂದೂಕಿನ ಪಾಸಿನಲ್ಲಿರುವ ನಂಬರು ನಳಿಗೆಯ ಮೇಲಿರುವುದಕ್ಕೆ ತಾಳೆಯಾದ ಮೇಲೆ ತೋರ್ಕಿಲ್ ಪೆಟ್ಟಿಗೆಗೆ ಬೀಗ ಹಾಕಿಸುತ್ತಾರೆ. ಸಾಮಾನು ಸಾಗಿಸುವ ಬೆಲ್ಟಿನ ಮೇಲೆ ಹಾಕುವುದಿಲ್ಲ. ಪೆಟ್ಟಿಗೆ ಬಿದ್ದರೆ ರೈಫಲ್ಲಿನ ದುರ್ಬೀನು ಅಲುಗಿ ಗುರಿ ತಪ್ಪುತ್ತದೆ, ಗುರಿ ತಪ್ಪಿದರೆ ಪ್ರಾಣಿ ಗಾಯಗೊಂಡು ಕಾಡೆಲ್ಲ ಅಲೆದು ನರಳಿ ಸಾಯುತ್ತದೆ. ಹಾಗಾಗಿ ಗಾಳಿಯಿರಲಿ, ಮಳೆಯಿರಲಿ, ವಿಮಾನದ ಹೊಟ್ಟೆಯವರೆಗೂ ಕೈಯಲ್ಲೇ ಹೊತ್ತೊಯ್ಯುತ್ತಾರೆ. ಹೀಗೆ ಮಾಡಿ ಎಂದು ಯಾರೂ ಅವರಿಗೆ ಹೇಳಿಲ್ಲ. ಮಾಡಿದ್ದಕ್ಕೆ ಯಾರೂ ಥ್ಯಾಂಕ್ಸ್ ಕೂಡ ಹೇಳಿಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ಅವರಿಗೆ ತರಿಸುವುದಿಲ್ಲ.

ಸೆಪ್ಟೆಂಬರಿನಲ್ಲಿ ಒಂದೊಂದು ಬೆಳಿಗ್ಗೆ ಮೂವತ್ತು ಪೆಟ್ಟಿಗೆಗಳೂ ಬರುವುದುಂಟು. ಸ್ಕಾಟ್ಲೆಂಡಿನ ಗಂಡು ಜಿಂಕೆಗೆ ಹೊರಟವರು, ಪೋಲೆಂಡಿನ ಕಾಡುಹಂದಿಗೆ ಹೊರಟವರು, ಎಲ್ಲರಿಗಿಂತ ಹೆಚ್ಚಾಗಿ ಉತ್ತರ ಸ್ವೀಡನ್ನಿನಲ್ಲಿ ಎಲ್ಕ್ ಎಂಬ ಭಾರೀ ಜಿಂಕೆಯ ಬೇಟೆಗೆ ಹೊರಟವರು. ತೋರ್ಕಿಲ್ ಮೊದಲು ವೆಲ್ಡಿಂಗ್ ಮಾಡುತ್ತಿದ್ದರು. ಹಡಗುಕಟ್ಟೆ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಬಂದೂಕಿನ ಬಗ್ಗೆ ಗೊತ್ತಿದ್ದವರು ಅವರೊಬ್ಬರೇ ಆದ್ದರಿಂದ ಈ ಮೂಲೆ ಅವರ ಪಾಲಿಗೆ ಬಂತು. ಅವರೂ ಎಲ್ಕ್ ಬೇಟೆಗಾರರೇ, ಅಂದರೆ ಆಗಿದ್ದವರು.

ನಮ್ಮ ಪೇಪರಿಗೆ ಬರೆಯಲೆಂದು ನಾನು ಹೋದ ದಿನ ಅವರದೇ ತಂಡ ಹೊರಟಿತ್ತು. ಹಸಿರು ಟೊಪ್ಪಿಯ ಆರು ಜನ, ಬೆಳಗಾಗುವ ಮೊದಲೇ ಒಂದೊಂದು ಗುಟುಕು ಕಹಿ ಮದ್ಯ ಏರಿಸಿ ಬಂದಿದ್ದಾರೆ. ಎಲ್ಲರಿಗಿಂತ ಮುಂದೆ ಏಗೋನ್. ಪೇಂಟ್ ಅಂಗಡಿಯವನು, ತೋರ್ಕಿಲ್‌ಗೆ ಶಾಲೆಯ ದಿನಗಳಿಂದಲೂ ಗೆಳೆಯ. ಪೆಟ್ಟಿಗೆ ತೆರೆದ, ಚೀಲ ತಡಕಾಡಿದ. ಮುಖ ಬಿಳುಚಿಕೊಂಡಿತು.

"ಬೋಲ್ಟ್ ಮನೇಲೇ ಉಳೀತು ಮಾರಾಯ. ಬಟ್ಟೆ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆ."

"ಎಲ್ಕ್‌ಗೆ ದೊಣ್ಣೆ ತೋರಿಸಿ ಓಡಿಸ್ತೀಯೇನೋ?" ಎಂದರು ತೋರ್ಕಿಲ್. ಐವರೂ ನಕ್ಕರು.

"ನಗ್ರೋ, ನಗ್ರಿ. ತೋರ್ಕಿಲ್, ನಿಂದೂ ಇದೇ ಮಾಡೆಲ್ ಅಲ್ವಾ? ನಿನ್ ಮನೆ ಇಲ್ಲೇ ಹತ್ರ. ಒಂದು ಓಟ ಹೋಗಿ ನಿನ್ ಬೋಲ್ಟ್ ತಂದ್ಕೊಡು. ಹೇಗೂ ಕಾಲುನೋವು ಅಂತ ನೀನು ಬರ್ತಿಲ್ಲ, ಅದು ಸುಮ್ನೆ ಬಿದ್ದಿರುತ್ತೆ."

ತೋರ್ಕಿಲ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. "ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದ್ರೆ ಮುಖಕ್ಕೇ ಸಿಡಿಯುತ್ತೆ ಕಣೋ. ಇದನ್ನ ಇಲ್ಲಿ ಬಿಡೋ ಹಾಗಿಲ್ಲ, ಜೊತೆಗೇ ಹೋಗ್ಲಿ. ಅಲ್ಲಿ ಯಾರ ಹತ್ರಾನಾದ್ರೂ ಬಂದೂಕು ಕೇಳಿ ತಗೋ."

"ಮುಂದಿನ ವರ್ಷ ಕಾಲು ಕತ್ತರಿಸಿಕೊಂಡಾದ್ರೂ ಬಾ. ಜವುಗಿನ ಪಕ್ಕ ನೀನು ಬೇಟೆಗೆ ಕಾಯ್ತಾ ಕೂರೋ ಮರದಬುಡ ಖಾಲಿಯಾಗೇ ಇಟ್ಟಿದ್ದೀವಿ. ಹೋದ ವರ್ಷ ಅಲ್ಲೇ ಒಂದು ದೊಡ್ಡ ಗಂಡು ಎಲ್ಕ್ ಬಂದು ನಿಂತಿತ್ತಂತೆ. ನಿನ್ನ ಕೇಳ್ಕೊಂಡು ಬಂದಿತ್ತು ಅನ್ಸುತ್ತೆ."

"ಮುರೀಲಿ, ಒಡೀಲಿ," ಎಂದು ತೋರ್ಕಿಲ್ ಎಲ್ಲರ ಕೈ ಕುಲುಕಿದರು. ಬೇಟೆಗೆ ಹೊರಟವರಿಗೆ ಇಲ್ಲಿ ಒಳ್ಳೆಯದಾಗಲಿ ಎನ್ನುವಂತಿಲ್ಲ, ಹೀಗೇ ಹಾರೈಸಬೇಕು. ಆಮೇಲೆ ಆರು ಪೆಟ್ಟಿಗೆಗಳನ್ನು ಎರಡೆರಡಾಗಿ ಹೊತ್ತು ಹೊರಟರು. ಹಿಂದೆಯೇ ನಾನೂ ನಡೆದೆ. ಅವರ ಕಾಲಿಗೆ ಏನೂ ಆಗಿಲ್ಲ. ನನಗಿಂತ ಚುರುಕಾಗಿ ನಡೆಯುತ್ತಾರೆ.

ವಿಮಾನ ಹಾರಿದ ಮೇಲೆ ಸಾಮಾನು ಕೋಣೆಯಲ್ಲಿ ರೈ ಬ್ರೆಡ್ಡಿನ ಡಬ್ಬಿ ಬಿಚ್ಚಿದರು. ಒಂದು ತುಂಡು ನನಗೆ ಕೊಟ್ಟು, ತಮ್ಮದನ್ನು ಹಾಗೇ ಇಟ್ಟುಕೊಂಡು ಕೂತರು. ಅವರೇ ಶುರು ಮಾಡಿದರು.

"ನನ್ನ ಬಂದೂಕು ಮನೇಲಿಲ್ಲ. ಪೊಲೀಸರ ಹತ್ರ ಇದೆ."

ಹೆಂಡತಿ ಗ್ರೆಥೆ ತೀರಿಕೊಂಡ ಚಳಿಗಾಲದಲ್ಲಿ ಅವರು ಸಂಜೆಯಾದರೆ ಅಡುಗೆಮನೆಯ ಮೇಜಿನ ಮೇಲೆ ಬಂದೂಕು ಹರಡಿಕೊಂಡು ಒರೆಸಲು ಕೂರುತ್ತಿದ್ದರಂತೆ. ಒರೆಸಿದ್ದನ್ನೇ ಮತ್ತೆ ಒರೆಸುವುದು. ಕೈಗೊಂದು ಕೆಲಸ ಬೇಕಿತ್ತು ಅಷ್ಟೇ, ಎನ್ನುತ್ತಾರೆ.

"ಒಂದು ಸಂಜೆ ನೋಡ್ತೀನಿ, ಬೋಲ್ಟ್ ಹಾಕಿಬಿಟ್ಟಿದ್ದೀನಿ. ಬೋಲ್ಟ್ ಇರೋದು ಮಹಡಿ ಮೇಲೆ, ಬೇರೆ ಬೀಗದಲ್ಲಿ. ಅಂದ್ರೆ ನಾನು ಎದ್ದು, ಮೆಟ್ಟಿಲು ಹತ್ತಿ, ಬೀಗ ತೆಗೆದು, ಕೆಳಗೆ ಬಂದಿದ್ದೀನಿ. ಯಾವುದೂ ನೆನಪಿಲ್ಲ. ಗುಂಡು ಇರ್ಲಿಲ್ಲ ಬಿಡಿ. ಆದ್ರೆ ಗುಂಡಿನ ಡಬ್ಬಿ ಕಡೆ ನೋಡ್ತಾ ಕೂತಿದ್ದೆ."

ಬೆಳಗಾಗುತ್ತಲೇ ಅವರೇ ಡಾಕ್ಟರಿಗೆ ಫೋನ್ ಮಾಡಿದರು. ಮಧ್ಯಾಹ್ನ ಇಬ್ಬರು ಪೊಲೀಸರು ಬಂದು, ಕಾಫಿ ಕುಡಿದು, ಬಂದೂಕು, ಬೋಲ್ಟ್, ಪರವಾನಗಿ ಎಲ್ಲವನ್ನೂ ಮರ್ಯಾದೆಯಿಂದಲೇ ತೆಗೆದುಕೊಂಡು ಹೋದರು. ಗೆಳೆಯರಿಗೆ ಮಾತ್ರ ತೋರ್ಕಿಲ್ ಕಾಲುನೋವು ಎಂದರು. ನಮ್ಮ ಗಂಡಸರು ಮಂಡಿನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು, ಮನಸ್ಸಿನ ನೋವೆಂದರೆ ಎದ್ದು ಕಾಫಿ ತರಲು ಹೋಗುತ್ತಾರೆ.

ದಿನವಿಡೀ ಬೇರೆಯವರ ಬಂದೂಕು ಮುಟ್ಟುವುದು ಕಷ್ಟವಾಗುವುದಿಲ್ಲವೇ ಎಂದೆ.

"ಮೇಲಧಿಕಾರಿಗೆ ಎಲ್ಲ ಹೇಳಿದ್ದೀನಿ. ಇಲ್ಲಿ ಬೋಲ್ಟ್ ಬೇರೆ, ಗುಂಡು ಬೇರೆ, ಜೊತೆಗೆ ಇನ್ನೊಬ್ರು ಇದ್ದೇ ಇರ್ತಾರೆ. ಕಷ್ಟ ಆಗೋದು ಇಲ್ಲಿ ಅಲ್ಲ. ಮನೆಗೆ ಹೋಗಿ ಖಾಲಿ ಕಪಾಟು ನೋಡಿದಾಗ ಕಷ್ಟ. ಮೊದ್ಲು ಗ್ರೆಥೆ ಹೋದ್ಲು, ಆಮೇಲೆ ಅದು, ಈಗ ಇವ್ರೂ ಹಾರಿ ಹೋಗ್ತಾರೆ. ಸೆಪ್ಟೆಂಬರ್ ಕಳೆದ್ರೆ ವರ್ಷದಲ್ಲಿ ನನಗೆ ಇನ್ನೇನೂ ಇಲ್ಲ."

ಬಂದೂಕು ವಾಪಸ್ ಸಿಗುವುದು ಬಹುಮಟ್ಟಿಗೆ ಡಾಕ್ಟರ ಮಾತಿನ ಮೇಲೆ ನಿಂತಿದೆ. ಈ ವಸಂತದಲ್ಲಿ ಡಾಕ್ಟರು, "ಈಗ ಹೇಗಿದ್ದೀರಿ ತೋರ್ಕಿಲ್?" ಎಂದು ಕೇಳಿದ್ದರಂತೆ. ಚೆನ್ನಾಗಿದ್ದೀನಿ ಎಂದುಬಿಟ್ಟಿದ್ದರೆ ಈ ಬೆಳಿಗ್ಗೆ ಆರಲ್ಲ, ಏಳು ಪೆಟ್ಟಿಗೆಗಳು ಹೋಗುತ್ತಿದ್ದವೇನೋ.

"ನಾನು ಇನ್ನೂ ಬೇಡ ಅಂದೆ. ಗಂಡು ಎಲ್ಕ್ ಕಣ್ಮುಂದೆ ಬರ್ತಿತ್ತು, ಆದ್ರೂ ಅಂದೆ. ಸಂಜೆ ಆದ್ರೆ ಈಗ್ಲೂ ಮೆಟ್ಟಿಲು ನೋಡ್ತೀನಿ."

ಇದನ್ನೆಲ್ಲ ಬರೆಯಬಾರದು ಎಂದುಕೊಂಡು ನಾನು ಪೆನ್ನು ಜೇಬಿಗಿಟ್ಟೆ. ಅವರೇ ತಡೆದರು.

"ಬರೀರಿ. ನನ್ನ ಬಾಯಲ್ಲಿ ಬರಲ್ಲ. ಶನಿವಾರ ಪೇಪರ್ ಬಂದಾಗ ಅವ್ರು ಕಾಡಲ್ಲಿರ್ತಾರೆ, ಹೆಂಡ್ತೀರು ಓದಿ ಫೋನ್ ಮಾಡ್ತಾರೆ. ಆ ಮರದಬುಡ ಬೇರೆ ಯಾರಿಗಾದ್ರೂ ಕೊಡ್ಲಿ ಅಂತ ಬರೀರಿ. ನನಗೋಸ್ಕರ ಖಾಲಿ ಇಡೋದು ಬೇಡ, ನಾನು ಬರಲ್ಲ."

ಹೊರಗೆ ಗಂಟೆಯ ಸದ್ದಾಯಿತು. ಕೌಂಟರಿಗೆ ಯಾರೋ ಬಂದಿದ್ದಾರೆ. ತೋರ್ಕಿಲ್ ಎದ್ದು, ಮುಟ್ಟದೆ ಉಳಿದ ಬ್ರೆಡ್ಡನ್ನು ಡಬ್ಬಿಗೆ ಹಾಕಿ, ಬಾಗಿಲಲ್ಲಿ ತಿರುಗಿ ನಿಲ್ಲುತ್ತಾರೆ.

"ಬಂದೂಕು ಮಾತ್ರ ನನ್ನ ಹತ್ರಾನೇ ತರ್ಲಿ. ವಿಮಾನದ ತನಕ ನಾನೇ ಹೊರ್ತೀನಿ. ಅಷ್ಟು ದೂರಕ್ಕೆ ನನ್ನ ನಂಬಬಹುದು."