ಮೇಲೂರಿನ ಆಂಜಿನಮ್ಮ ಇಲಿ ಓಡಿಸಿದ್ದು

ಆಂಜಿನಮ್ಮ ಹುಟ್ಟಿ ಬೆಳೆದದ್ದು ಅಂಬಾಜಿದುರ್ಗದ ಬುಡದ ಹಳ್ಳಿಯೊಂದರಲ್ಲಿ. ಅಲ್ಲಿ ಇಲಿ ಎಂದರೆ ಹೊಲದ ಬದುವಿನಲ್ಲಿ ಬಿಲ ತೋಡಿಕೊಂಡು ರಾಗಿತೆನೆ ಕದಿಯುವ ಪ್ರಾಣಿ, ಅಷ್ಟೆ. ಅದು ರೇಷ್ಮೆಹುಳವನ್ನೂ ತಿನ್ನುತ್ತದೆ ಎಂದು ಅವಳಿಗೆ ಗೊತ್ತಾದದ್ದು ಮೇಲೂರಿಗೆ ಸೊಸೆಯಾಗಿ ಬಂದ ಮೇಲೆ.

ಗಂಡ ನಲ್ಲಪ್ಪನಿಗೆ ಊರಾಚೆ ಹಿಪ್ಪುನೇರಳೆ ತೋಟವಿತ್ತು. ಹುಳ ಸಾಕುವುದು ಮಾತ್ರ ಅತ್ತೆ ಆದಿಲಕ್ಷ್ಮಮ್ಮನ ಆಡಳಿತ. ಎಂಬತ್ತರ ದಶಕದಲ್ಲಿ ಹುಳಕ್ಕೆಂದೇ ಬೇರೆ ಮನೆ ಕಟ್ಟಿಕೊಂಡವರು ಆ ಊರಿನಲ್ಲಿ ಕಡಿಮೆ. ಹುಳವೂ ಮನುಷ್ಯರೂ ಒಂದೇ ಸೂರಿನ ಕೆಳಗೆ. ಪಡಸಾಲೆಯ ತುಂಬ ಅಟ್ಟಣಿಗೆ, ಅದರ ಮೇಲೆ ಸಾಲುಸಾಲಾಗಿ ಬಿದಿರಿನ ತಟ್ಟೆ. ಮನೆಯವರು ಆ ಸಂದಿಯಲ್ಲೇ ಚಾಪೆ ಹಾಸಿಕೊಂಡು ಮಲಗುವುದು. ಹುಳ ಇರುವಷ್ಟು ದಿನ ಮನೆಯಲ್ಲಿ ಘಾಟು ಏಳುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ನುಸಿ ಕಡಿದರೂ ಔಷಧ ಹೊಡೆಯುವ ಹಾಗಿಲ್ಲ. ಹಸುಗೂಸಿಗಿಂತ ನಾಜೂಕು ಅದು.

ಆ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಬೆರಳಿನಷ್ಟು ದಪ್ಪವಾಗಿ, ಸೊಪ್ಪನ್ನು ಮಳೆ ಬಿದ್ದ ಹಾಗೆ ಸರಸರ ಮೇಯುತ್ತದೆ. ಇಲಿಗಳು ಕಾಯುವುದೂ ಆ ಹೊತ್ತನ್ನೇ. ಎಂಬತ್ತೇಳರ ಚಳಿಗಾಲದ ಬೆಳೆಯಲ್ಲಿ ಅವುಗಳ ಹಾವಳಿ ಮಿತಿ ಮೀರಿತು. ಬೆಳಿಗ್ಗೆ ಸೊಪ್ಪು ಹಾಕಲು ಎದ್ದರೆ ಒಂದೊಂದು ತಟ್ಟೆಯ ಅಂಚು ಬರಿದೋ ಬರಿದು. ತಿಂದುಳಿದ ತಲೆಗಳು ನೆಲದ ಮೇಲೆ ಬಿದ್ದಿರುತ್ತಿದ್ದವು. ಆಂಜಿನಮ್ಮ ಪೊರಕೆಯಲ್ಲಿ ಅವನ್ನು ಒಟ್ಟುಮಾಡಿ ತಿಪ್ಪೆಗೆ ಹಾಕುತ್ತಿದ್ದಳು.

ಬೆಕ್ಕು ತಂದರು. ಅದು ಹಾಲು ಕುಡಿದು ಒಲೆಯ ಬೂದಿಯಲ್ಲಿ ಮಲಗಿತು. ಶಿಡ್ಲಘಟ್ಟದ ಸಂತೆಯಿಂದ ಬೋನು ತಂದು ಕೊಬ್ಬರಿ ಸಿಕ್ಕಿಸಿದರು. ಒಂದೆರಡು ಬಿದ್ದವು, ಆಮೇಲೆ ಉಳಿದವು ಬೋನಿನ ಮಗ್ಗುಲಲ್ಲೇ ಹಾದುಹೋಗುವುದನ್ನು ಕಲಿತವು.

ಒಂದು ದಿನ ನಲ್ಲಪ್ಪ ಅಂಗಡಿಯಿಂದ ಪಾಷಾಣದ ಪೊಟ್ಟಣ ತಂದ.

"ಒಳಗೆ ಮಾತ್ರ ಇಡಬೇಡ ಕಣೇ. ಹುಳಕ್ಕೆ ಸೋಕಿದ್ರೆ ನಮ್ಮ ಕತೆ ಮುಗೀತು" ಎಂದ.

"ಮೆಲ್ಲಗೆ ಮಾತಾಡಪ್ಪ, ಅವಕ್ಕೆ ಕೇಳಿಸ್ತದೆ" ಎಂದಳು ಆದಿಲಕ್ಷ್ಮಮ್ಮ. ಇಲಿಗೆ ಮನುಷ್ಯರ ಮಾತು ತಿಳಿಯುತ್ತದೆ ಎಂದು ಅವಳು ಪೂರ್ತಿ ನಂಬಿದ್ದಳು.

ಆಂಜಿನಮ್ಮ ಆ ಕಪ್ಪು ಪುಡಿಯನ್ನು ಹಿಟ್ಟು, ಬೆಲ್ಲ, ಎಣ್ಣೆಯಲ್ಲಿ ಕಡ್ಡಿಯಿಂದ ಕಲಸಿ, ಸಣ್ಣ ಉಂಡೆ ಮಾಡಿ, ಹಿತ್ತಿಲ ಗೋಡೆಯ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಇಟ್ಟಳು. ಸಂಜೆ ಇಟ್ಟದ್ದನ್ನು ಬೆಳಗಾಗುತ್ತಲೇ ಎತ್ತಬೇಕು ಎಂದು ಅಂಗಡಿಯವನು ಹೇಳಿಕಳಿಸಿದ್ದ. ಆದರೆ ಮಾರನೆಯ ಬೆಳಿಗ್ಗೆ ಹುಳ ಹಸಿದು ತಲೆಯೆತ್ತಿ ನಿಂತಿತ್ತು. ಸೊಪ್ಪು ಹೊತ್ತು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಇಷ್ಟರಲ್ಲಿ ಉಂಡೆಯ ನೆನಪೇ ಹಾರಿಹೋಯಿತು.

ಹಿತ್ತಿಲ ಗೋಡೆಯ ಆಚೆ ನೂರುಲ್ಲಾನ ಮನೆ. ಅವರದು ರೇಷ್ಮೆಗೂಡನ್ನು ನೀರಲ್ಲಿ ಬೇಯಿಸಿ ನೂಲು ಬಿಚ್ಚುವ ಕಸುಬು. ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳವನ್ನು ಅಂಗಳದಲ್ಲಿ ರಾಶಿ ಹಾಕಿ ಒಣಗಿಸುತ್ತಿದ್ದರು. ಅದರ ವಾಸನೆ ಗೋಡೆ ದಾಟಿ ಬರುತ್ತಿತ್ತು. ನೂರುಲ್ಲಾನ ಹೆಂಡತಿ ಕರೀಮುನ್ನೀಸಾ ಮಾತು ಕಡಿಮೆಯ ಹೆಂಗಸು. ವಾಸನೆಯ ಬಗ್ಗೆ ಆದಿಲಕ್ಷ್ಮಮ್ಮ ಒಮ್ಮೆ ಗೊಣಗಿದ್ದು ಕಿವಿಗೆ ಬಿದ್ದ ಮೇಲೆ ಆ ಮನೆಗೂ ಈ ಮನೆಗೂ ಬಳಕೆ ನಿಂತುಹೋಗಿತ್ತು.

ಆ ದಿನ ಹೊತ್ತೇರಿದ ಮೇಲೆ ಕರೀಮುನ್ನೀಸಾ ಬಾಗಿಲಿಗೆ ಬಂದಳು. ಕೈಯಲ್ಲಿ ಸತ್ತ ಕೋಳಿ.

"ಆಂಜಿನಮ್ಮ, ಗೋಡೆ ಹತ್ರ ಏನಿಟ್ಟಿದ್ದೀಯ?"

ಜಗಳಕ್ಕೆ ಬಂದಳೆಂದು ಆಂಜಿನಮ್ಮ ಸೆರಗು ಸಿಕ್ಕಿಸಿಕೊಂಡಳು. "ಇಲಿಗೆ ಇಟ್ಟಿದ್ದು. ನಮ್ಮ ಹಿತ್ಲಲ್ಲಿ ಇಟ್ಟಿದ್ದು ನಿಮ್ಮ ಕೋಳಿ ಯಾಕೆ ತಿಂತು?"

"ಇನ್ನೂ ಮೂರು ಸತ್ತು ಬಿದ್ದವೆ ಅಲ್ಲಿ. ಕೋಳಿ ಹಾಳಾಗಿ ಹೋಗ್ಲಿ. ಇಲಿ ಆ ಉಂಡೆ ಕಚ್ಕೊಂಡು ನಮ್ಮ ಕಡೆ ತಂದು ಹಾಕ್ತಾವೆ. ನಮ್ಮ ತಾಹಿರಾ ಮಗು ಅಂಗಳದ ತುಂಬಾ ಅಂಬೆಗಾಲಿಡ್ತದಮ್ಮ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ."

ಅವಳ ದನಿ ಏರಲಿಲ್ಲ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ತಾಹಿರಾ ಕೂಸಿನೊಂದಿಗೆ ಇನ್ನೂ ಅಲ್ಲೇ ಇದ್ದಳು. ಆಂಜಿನಮ್ಮ ಸಿಕ್ಕಿಸಿದ್ದ ಸೆರಗನ್ನು ಬಿಟ್ಟಳು. ಎಷ್ಟು ಉಂಡೆ ಮಾಡಿದ್ದೆ? ನೆನಪಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಮಗು ಎಲ್ಲಿದೆ ಅಕ್ಕ?"

"ತಾಹಿರಾ ಎತ್ಕೊಂಡು ಒಳಗೆ ಕೂತವಳೆ. ಇಳಿಸಬೇಡ ಅಂದಿದ್ದೀನಿ."

ಸೊಪ್ಪಿನ ಬುಟ್ಟಿ ಹಾಗೇ ಬಿಟ್ಟು ಆಂಜಿನಮ್ಮ ಓಡಿದಳು. ಮೊದಲು ತನ್ನ ಹಿತ್ತಿಲು ಜಾಲಾಡಿದಳು, ಆಮೇಲೆ ನೂರುಲ್ಲಾನ ಅಂಗಳ. ಇಬ್ಬರು ಹೆಂಗಸರೂ ಮಂಡಿಯೂರಿ ಕೂತು ಒಂದೊಂದು ಕಲ್ಲು ಎತ್ತಿ ನೋಡಿದರು, ಸೌದೆ ಕೊರಡುಗಳನ್ನು ಸರಿಸಿದರು, ಬೆಂದ ಹುಳದ ರಾಶಿಯನ್ನು ಕೋಲಿನಿಂದ ಕೆದಕಿದರು. ರುಬ್ಬುಗುಂಡಿನ ಹಿಂದೆ ಒಂದು ಉಂಡೆ ಸಿಕ್ಕಿತು, ಒಂದು ಬದಿ ಹಲ್ಲು ಹತ್ತಿದ್ದು. ನೀರಿನ ತೊಟ್ಟಿಯ ಪಕ್ಕ, ಮಗು ಆಡುವ ಜಾಗದಲ್ಲಿ, ಇನ್ನೊಂದು. ಅದನ್ನು ಕಾಗದದಲ್ಲಿ ಹಿಡಿದುಕೊಂಡ ಆಂಜಿನಮ್ಮ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು.

ಕರೀಮುನ್ನೀಸಾ ಅವಳ ಕೈಯಿಂದ ಕಾಗದ ತೆಗೆದುಕೊಂಡಳು. ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿ, "ಇಲ್ನೋಡು" ಎಂದಳು.

ಸೌದೆ ಸರಿಸಿದ ಜಾಗದಲ್ಲಿ ಗೋಡೆಯ ಬುಡ ಜರಡಿಯಾಗಿತ್ತು. ಮಣ್ಣಿನ ಗೋಡೆಗೆ ಈ ಬದಿಯಿಂದ ಆ ಬದಿಗೆ ತೂತುಗಳು. ಒಂದರ ಬಾಯಲ್ಲಿ ಬೆಂದ ಹುಳದ ಚೂರು, ಹಿಪ್ಪುನೇರಳೆ ಎಲೆ, ಹರಿದ ಹಳೆ ಸೀರೆಯ ನೂಲು, ಎಲ್ಲ ಸೇರಿಸಿ ಕಟ್ಟಿದ ಇಲಿಗೂಡು. ಇಲಿಗಳು ಹಗಲು ಈ ಅಂಗಳದಲ್ಲಿ ಉಂಡು ರಾತ್ರಿ ಆಂಜಿನಮ್ಮನ ಮನೆಯಲ್ಲಿ ಉಣ್ಣುತ್ತಿದ್ದವು. ನಿಮ್ಮ ಮನೆಯಿಂದ ಬರುತ್ತವೆ ಎಂದು ಇವರು, ನಿಮ್ಮ ಮನೆಯಿಂದ ಬರುತ್ತವೆ ಎಂದು ಅವರು ಮನಸ್ಸಿನಲ್ಲೇ ಶಪಿಸಿಕೊಂಡಿದ್ದರು.

"ನಮ್ಮ ರಾಶಿನೂ ಕಾರಣಾನೇ ಬಿಡು" ಎಂದಳು ಕರೀಮುನ್ನೀಸಾ.

ಗಂಡಸರು ಬರುವವರೆಗೆ ಕಾಯಲಿಲ್ಲ. ಒಡೆದ ಬಾಟಲಿ, ಸೀಸೆಗಳನ್ನು ಗೋಣಿಯಲ್ಲಿ ಸುತ್ತಿ ಕುಟ್ಟಿ, ಸುಣ್ಣ ಬೆರೆಸಿದ ಮಣ್ಣಿನಲ್ಲಿ ಕಲಸಿದರು. ಆಂಜಿನಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ತನ್ನ ಹಿತ್ತಿಲ ಕಡೆಯಿಂದ ಅದನ್ನು ತೂತುಗಳಿಗೆ ತುರುಕಿದಳು, ಕರೀಮುನ್ನೀಸಾ ಈ ಕಡೆಯಿಂದ. ಸಂಜೆ ವಿಷಯ ತಿಳಿದ ನಲ್ಲಪ್ಪ ತಲೆ ತಗ್ಗಿಸಿಕೊಂಡು ಹೋಗಿ ನೂರುಲ್ಲಾನನ್ನು ಮಾತಾಡಿಸಿ ಬಂದ. ಮರುದಿನ ನೂರುಲ್ಲಾ ಮುಚ್ಚಳವಿರುವ ಕಬ್ಬಿಣದ ಡ್ರಮ್ಮು ಉರುಳಿಸಿಕೊಂಡು ಬಂದ. ಒಣಗಿದ ಹುಳವನ್ನೆಲ್ಲ ಸಂಜೆಯಾಗುತ್ತಲೇ ಅದಕ್ಕೆ ತುಂಬುವುದೆಂದಾಯಿತು. ನಲ್ಲಪ್ಪ ಎಣ್ಣೆ ಡಬ್ಬದ ತಗಡು ಕತ್ತರಿಸಿ ಅಟ್ಟಣಿಗೆಯ ಕಾಲುಗಳಿಗೆ ಸುತ್ತಿದ. ಹತ್ತಲು ಹೋದ ಇಲಿ ಜಾರಿ ಬೀಳಬೇಕು, ಹಾಗೆ. ಹೆಂಚಿನ ಮೇಲೆ ಬಾಗಿದ್ದ ನುಗ್ಗೆಯ ಕೊಂಬೆ ಕಡಿದರು. ಎರಡೂ ಮನೆಯಲ್ಲಿ ಒಟ್ಟಿಗೇ ಬೋನು ಹೂಡಿದರು. ಬಿಲ ಕಳೆದುಕೊಂಡ ಇಲಿಗಳು ದಿಕ್ಕುಗೆಟ್ಟು ಬೋನಿಗೆ ಬಿದ್ದವು. ನಲ್ಲಪ್ಪ ಅವನ್ನು ನೀರಿನಲ್ಲಿ ಅದ್ದುವಾಗ ಆದಿಲಕ್ಷ್ಮಮ್ಮ "ಅಯ್ಯೋ ದೇವುಡಾ" ಎನ್ನುತ್ತ ಒಳಗೆ ಹೋಗಿ ಕೂತುಬಿಡುತ್ತಿದ್ದಳು.

ಆ ಬೆಳೆ ಅರೆಬರೆಯೇ ಕೈಗೆ ಬಂತು. ಉಳಿದ ಹುಳ ಬಲಿತು ಹಣ್ಣಾಗಿ ಗೂಡು ಕಟ್ಟಿತು. ಮುಂದಿನ ಬೆಳೆಯಲ್ಲಿ ಮಾತ್ರ ತಟ್ಟೆಯ ಅಂಚು ಒಂದು ದಿನವೂ ಬರಿದಾಗಲಿಲ್ಲ. ಆಂಜಿನಮ್ಮ ತವರಿಗೆ ಹೋದವಳು ಮೊಟ್ಟೆಯಿಡುವ ನಾಟಿಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಕರೀಮುನ್ನೀಸಾಳ ಅಂಗಳದಲ್ಲಿ ಬಿಟ್ಟಳು. ಕರೀಮುನ್ನೀಸಾ ಬಗ್ಗಿ ನೋಡಿದಳು. "ಈ ಕೆಂಪನೇದು ಕುಂಟ್ತದೆ" ಎಂದಳು, ಕಾಳು ತಂದು ಚೆಲ್ಲಿದಳು.

ಇಲಿಗಳೇನೂ ಊರು ಬಿಡಲಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಹೊಸ ತೂತು ಕಾಣುತ್ತಿತ್ತು. ಹುಳ ತರುವ ಮುನ್ನ ಇಬ್ಬರೂ ಗೋಡೆಯ ಎರಡು ಬದಿಯಲ್ಲಿ ನಡೆದು, ಕೋಲಿನಿಂದ ಕುಟ್ಟುತ್ತಾ, "ಇಲ್ಲೊಂದು", "ಇಲ್ಲೂ" ಎಂದು ಕೂಗಿ ಹೇಳಿಕೊಂಡು ಮೆತ್ತುತ್ತಿದ್ದರು. ಪಾಷಾಣವನ್ನು ಆಂಜಿನಮ್ಮ ಮತ್ತೆ ಹೊಸಿಲು ದಾಟಿಸಲಿಲ್ಲ. ಬೀದಿಯ ಬೇರೆ ಮನೆಯವರು ಇಲಿಗೆ ಉಪಾಯ ಕೇಳಲು ಬಂದರೆ, "ಪಕ್ಕದ ಮನೆಯವರನ್ನೂ ಕರ್ಕೊಂಡು ಬಾರಮ್ಮ, ಇಬ್ರಿಗೂ ಒಂದೇ ಸಲ ಹೇಳ್ತೀನಿ" ಎನ್ನುತ್ತಿದ್ದಳು. ಮಾತು ಬಿಟ್ಟಿದ್ದ ಓರಗಿತ್ತಿಯರಿಬ್ಬರು ಹಾಗೆ ಅವಳ ಜಗಲಿಯ ಮೇಲೆ ಮುಖ ತಿರುಗಿಸಿಕೊಂಡೇ ಕೂತು ಕೇಳಿ ಹೋದದ್ದುಂಟು.

ತೊಂಬತ್ತನಾಲ್ಕರಲ್ಲಿ ನೂರುಲ್ಲಾನ ಕುಟುಂಬ ಶಿಡ್ಲಘಟ್ಟಕ್ಕೆ ಹೋಯಿತು. ಆ ಮನೆಗೆ ಚೆನ್ನರಾಯಪ್ಪ ಎಂಬುವವರು ಬಂದರು. ಹುಳದ ಸಂಬಂಧವಿಲ್ಲದ, ದಿನಸಿ ಅಂಗಡಿಯ ಜನ. ಅವರ ಹೆಂಡತಿ ಅಮ್ಮಾಜಮ್ಮ ಇನ್ನೂ ಮೂಟೆ ಇಳಿಸುತ್ತಿರುವಾಗಲೇ ಆಂಜಿನಮ್ಮ ಒಂದು ಚೊಂಬು ಮಜ್ಜಿಗೆ ಹಿಡಿದು ಹೋದಳು. ಬಿಸಿಲಲ್ಲಿ ದಣಿದಿದ್ದ ಅಮ್ಮಾಜಮ್ಮ ಗಟಗಟ ಕುಡಿದು, ಬಾಯೊರೆಸಿಕೊಂಡು, ಏನು ಬಂದಿರಿ ಎನ್ನುವಂತೆ ನೋಡಿದಳು.

"ಅಕ್ಕಿ ಮೂಟೆ ಗೋಡೆಗೆ ಒತ್ತಿ ಇಡಬೇಡಿ ಅಮ್ಮ" ಎಂದಳು ಆಂಜಿನಮ್ಮ. "ಬನ್ನಿ, ಯಾಕೆ ಅಂತ ತೋರಿಸ್ತೀನಿ."