ಖಾಲಿ ಕೊಡಬಾರದ ಡಬ್ಬಿ

ಹಂಪಿ ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿದ್ದ ಒಂದು ಸಣ್ಣ ಹೋಟೆಲಿನಲ್ಲಿ ಐದಾರು ವರ್ಷ ಅಡುಗೆ ಮಾಡಿಕೊಂಡಿದ್ದೆ. ಗಿರಾಕಿಗಳೆಲ್ಲ ಪರದೇಶದವರು. ತಟ್ಟೆ ಇಡುವಾಗ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಿಮ್ಮೂರಲ್ಲಿ ಬೆಳಿಗ್ಗೆ ಎದ್ದು ಏನು ತಿನ್ನುತ್ತೀರಿ? ಅವರು ಹೇಳಿದ್ದನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಚೀಲದಲ್ಲಿ ಏನಾದರೂ ಇಟ್ಟುಕೊಂಡಿದ್ದರೆ ಕೈಚಾಚಿ ಇಸಿದುಕೊಂಡು ತಿನ್ನುತ್ತಿದ್ದೆ. ಜಪಾನಿನ ಮುದುಕನೊಬ್ಬ ಕೊಟ್ಟ ಉಪ್ಪುಹುಳಿ ಕಾಯಿ ನಾಲಿಗೆ ಸುಟ್ಟಿತು. ಇನ್ನೊಬ್ಬಳ ಚೀಸ್ ಒಗೆಯದ ಕಾಲುಚೀಲದ ಹಾಗೆ ನಾರುತ್ತಿತ್ತು. ಎರಡನ್ನೂ ನುಂಗಿ, ಮಸ್ತ್ ಅಂದೆ. ಊರು ಬಿಟ್ಟು ಹೊಸಪೇಟೆ ದಾಟದವನು ಪ್ರಪಂಚವನ್ನೇ ಉಂಡಿದ್ದೇನೆ ಎಂದು ಜಂಬ ಕೊಚ್ಚುತ್ತಿದ್ದೆ.

ನಮ್ಮ ಮನೆ ಮಲಪನಗುಡಿಯಲ್ಲಿ. ಅವ್ವ, ನಾನು, ಹಿತ್ತಲಲ್ಲಿ ಒಂದು ಎಮ್ಮೆ. ಆಗ ಸಂಡೂರಿನ ಗಣಿಗಳಿಂದ ಅದಿರಿನ ಲಾರಿಗಳು ಹಗಲಿರುಳೂ ಓಡುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಕೆಂಪಾಗುತ್ತಿತ್ತು. ರಸ್ತೆ ಕಡೆಯ ಕೋಣೆಯನ್ನು ಬಿಹಾರದ ಲಾರಿ ಡ್ರೈವರನಿಗೂ ಅವನ ಹೆಂಡತಿಗೂ ಬಾಡಿಗೆಗೆ ಕೊಟ್ಟಿದ್ದೆವು. ಅವನು ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ಅವಳು ಬಂದ ಎರಡೇ ತಿಂಗಳಿಗೆ ನಮ್ಮ ಕನ್ನಡವನ್ನು ಮುರಿದು ಮುರಿದು ಆಡತೊಡಗಿದಳು.

ಒಂದು ಮಂಗಳವಾರ, ನನ್ನ ರಜೆಯ ದಿನ, ಮುಂಬಾಗಿಲಿಗೆ ಬಂದು ಸ್ಟೀಲಿನ ಡಬ್ಬಿ ಕೊಟ್ಟಳು. ಒಳಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಆರು ಗೋಧಿಹಿಟ್ಟಿನ ಉಂಡೆಗಳು. ಕುಳ್ಳಿನ ಬೆಂಕಿಯಲ್ಲಿ ಸುಟ್ಟು ತುಪ್ಪ ಸವರಿದ ಲಿಟ್ಟಿ ಎಂದಳು. ಒಳಗೆ ಹುರಿದ ಕಾಳಿನ ಹಿಟ್ಟು ತುಂಬಿದ್ದಾಳಂತೆ.

ಅವಳು ಅತ್ತ ಹೋದದ್ದೇ ಅವ್ವ, "ಒಳಗ ತರಬ್ಯಾಡ. ಯಾವ ಮಂದಿನೋ ಏನೋ. ಕುಳ್ಳಿನ ಬೂದ್ಯಾಗ ಸುಟ್ಟಾಳಂತ" ಎಂದಳು. ಹಾಗೆನ್ನುವಾಗ ಅವಳ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಅದೂ ಸಗಣಿ ಸುಟ್ಟ ಬೂದಿಯೇ. ನನಗೆ ಅದು ಹೊಳೆಯಿತು, ಆದರೂ ಬಾಯಿ ಬಿಡಲಿಲ್ಲ. ಅವ್ವನ ಮೇಲೆ ಹಾಕಿ ಪಾರಾಗುವುದೂ ಬೇಡ, ನನಗೂ ತಿನ್ನುವ ಮನಸ್ಸಿರಲಿಲ್ಲ. ಲಾರಿಯವರ ಊಟದಲ್ಲಿ ತಿಳಿದುಕೊಳ್ಳುವಂಥದ್ದೇನಿದೆ ಎನ್ನಿಸಿತ್ತು. ಜಪಾನಿನ ಮುದುಕನ ಜಾತಿ ಕೇಳದವನು ಹಿತ್ತಲಿಗೆ ಹೋಗಿ ಆರೂ ಉಂಡೆಗಳನ್ನು ಎಮ್ಮೆಯ ಮುಂದೆ ಸುರಿದೆ.

"ಡಬ್ಬಿ ಖಾಲಿ ಕೊಡಬ್ಯಾಡೋ, ಒಂದ್ ಹಿಡಿ ಸಕ್ರಿ ಹಾಕು" ಎಂದಳು ಅವ್ವ. ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ಹಿಂದಿರುಗಿಸುವುದಿಲ್ಲ. ಸಕ್ಕರೆ ಹಾಕಿ ಕೊಟ್ಟೆ. ಡ್ರೈವರನ ಹೆಂಡತಿಯ ಮುಖ ಅರಳಿತು.

"ಚಲೋ ಐತೇನ್ರಿ, ಭೈಯಾ?"

"ಭಾಳ ಚಲೋ ಐತ್ರಿ" ಎಂದೆ.

ಅಲ್ಲಿಗೆ ಮುಗಿಯಲಿಲ್ಲ. ಸಕ್ಕರೆ ಕಂಡವಳು ನಮಗೆ ಹಿಡಿಸಿದೆ ಎಂದೇ ತಿಳಿದಳು. ಮಂಗಳವಾರ ಬಂತೆಂದರೆ ಡಬ್ಬಿ ಬರುತ್ತಿತ್ತು, ಹಿತ್ತಲಲ್ಲಿ ಖಾಲಿಯಾಗುತ್ತಿತ್ತು, ಸಕ್ಕರೆಯನ್ನೋ ಶೇಂಗಾವನ್ನೋ ತುಂಬಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ನಾನು ಸುಳ್ಳಿಗೆ ಒಗ್ಗರಣೆ ಹಾಕುವುದನ್ನೂ ಕಲಿತೆ. ಈ ಸಲ ಖಾರ ಹದವಾಗಿತ್ತು ಎನ್ನುತ್ತಿದ್ದೆ. ಆ ಹಿಟ್ಟು ಅವಳ ಊರಿನಿಂದ ಯಾರಾದರೂ ರೈಲಿನಲ್ಲಿ ಬಂದರೆ ಮಾತ್ರ ಬರುತ್ತದೆ, ಅಷ್ಟರಲ್ಲೇ ನಮ್ಮ ಪಾಲನ್ನು ತೆಗೆದಿಡುತ್ತಾಳೆ ಎಂದು ಅವಳ ಗಂಡನೇ ಒಮ್ಮೆ ನಗುತ್ತ ಹೇಳಿದ. ಆಗಲೂ ನಿಲ್ಲಿಸಲಿಲ್ಲ.

ಯುಗಾದಿಗೆ ಅವ್ವ ನಮ್ಮ ಬಟ್ಟಲಿನಲ್ಲಿ ಹೋಳಿಗೆ ಕಳಿಸಿದಳು. ಆ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಬೇಳೆ ಎಷ್ಟು ಬೇಯಬೇಕು, ಬೆಲ್ಲ ಯಾವಾಗ ಹಾಕಬೇಕು, ರುಬ್ಬುವುದು ಯಾತರಲ್ಲಿ ಎಂದು ಕೈಸನ್ನೆ ಮಾಡಿ ಮಾಡಿ ಕೇಳಿದಳು. ನೋಟ್‌ಬುಕ್ಕು ನನ್ನ ಹತ್ತಿರ ಇತ್ತು, ಕೇಳುವ ಬುದ್ಧಿ ಇದ್ದದ್ದು ಅವಳಿಗೆ. ಅದೇ ವಾರ ಹೋಟೆಲಿನಲ್ಲಿ ಒಬ್ಬ ಬಿಳಿಯ ಹೆಂಗಸಿಗೆ, ನಮ್ಮ ಕಡೆ ಪಾತ್ರೆ ಖಾಲಿ ಕೊಡುವುದಿಲ್ಲ ಎಂದು ದೊಡ್ಡದಾಗಿ ವಿವರಿಸಿದೆ. ಎಷ್ಟು ಒಳ್ಳೆಯ ಜನ ನೀವು ಎನ್ನುತ್ತ ಆಕೆ ಬರೆದುಕೊಂಡಳು.

ಬೇಸಿಗೆಯ ಒಂದು ಮಂಗಳವಾರ ಅವ್ವ ಮುಂದಿನ ಅಂಗಳದ ತುಂಬ ಮೆಣಸಿನಕಾಯಿ ಹರವಿದ್ದಳು. ಕಾಲಿಡಲು ಜಾಗವಿಲ್ಲದೆ ಆ ಹೆಣ್ಣುಮಗಳು ಡಬ್ಬಿ ಹಿಡಿದು ಹಿತ್ತಲ ಕಡೆಯಿಂದ ಬಂದಳು. ನಾನು ಎಮ್ಮೆ ಮೈತೊಳೆಯುತ್ತಿದ್ದೆ. ಡಬ್ಬಿ ಕಂಡದ್ದೇ ತಡ, ಎಮ್ಮೆ ಹಗ್ಗ ಜಗ್ಗಿ, ಕತ್ತು ಉದ್ದ ಮಾಡಿ ಒದರತೊಡಗಿತು. ಅವಳು ನಕ್ಕಳು. ಎಮ್ಮೆ ಮೂತಿಯಿಂದ ಡಬ್ಬಿಯ ಮುಚ್ಚಳವನ್ನು ತಳ್ಳಿತು. ತೆರೆದು ಅಭ್ಯಾಸವಿದ್ದದ್ದರ ಹಾಗೆ ತಳ್ಳಿತು.

ಅವಳ ನಗು ನಿಂತಿತು. ಎಮ್ಮೆಯನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಕೈಯಲ್ಲಿ ನೀರಿನ ಚೊಂಬು ಹಾಗೇ ಉಳಿಯಿತು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಒಂದೊಂದಾಗಿ ಆರೂ ಲಿಟ್ಟಿಗಳನ್ನು ತನ್ನ ಕೈಯಿಂದಲೇ ಎಮ್ಮೆಗೆ ತಿನ್ನಿಸಿದಳು. "ಇದಕ್ಕ ಭಾಳ ಇಷ್ಟ ಐತ್ರಿ" ಎಂದಳು. ಆವತ್ತು ಡಬ್ಬಿಯನ್ನು ಖಾಲಿಯಾಗಿಯೇ ತೆಗೆದುಕೊಂಡು ಹೋದಳು.

ಮುಂದೆ ಮಂಗಳವಾರಗಳು ಬರಿದಾಗಿ ಬಂದು ಹೋದವು. ತಪ್ಪಾಯಿತು ಎನ್ನಲು ಎರಡು ಸಲ ಅವಳ ಬಾಗಿಲ ತನಕ ಹೋಗಿ, ಬೀಡಿ ಹಚ್ಚಿಕೊಂಡು ಮುಂದೆ ನಡೆದುಬಿಟ್ಟೆ. ಮಳೆಗಾಲಕ್ಕೆ ಮುಂಚೆ ಅವಳ ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿ, ನಾನು ಹಂಪಿಯಲ್ಲಿದ್ದಾಗಲೇ ಕೋಣೆ ಬಿಟ್ಟು ಹೋದರು. ಮನೆಗೆ ಬಂದಾಗ ಕಟ್ಟೆಯ ಮೇಲೆ ನಮ್ಮ ಹೋಳಿಗೆಯ ಬಟ್ಟಲು ಇತ್ತು. ಬಟ್ಟೆ ಕಟ್ಟಿತ್ತು. ಖಾಲಿ ಇರಲಿಲ್ಲ. ತುಂಬ ಹಿಟ್ಟು ಇತ್ತು, ಅವಳ ಊರಿನದು.

ಅವ್ವ ಚಿಟಿಕೆ ತೆಗೆದು ಮೂಸಿದಳು. ಮೊದಲ ಸಲ ಬಾಯಿಗೂ ಹಾಕಿಕೊಂಡಳು. "ಏನಲೇ ಇದು, ನಮ್ಮ ಪುಟಾಣಿ ಹಿಟ್ಟಿನಂಗ ಐತಲ್ಲ!" ಎಂದವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ದಿನಾ ಚಟ್ನಿಪುಡಿಗೆ ಹಾಕುವ ಹುರಿಗಡಲೆಗೆ ನಾವು ವರ್ಷವಿಡೀ ಅಸಹ್ಯಪಟ್ಟಿದ್ದೆವು.

ನಾನು ಕುಳ್ಳು ಒಟ್ಟಿ ಲಿಟ್ಟಿ ಮಾಡಲು ಕೂತೆ. ನೋಟ್‌ಬುಕ್ಕಿನಲ್ಲಿ ಎಲ್ಲೆಲ್ಲಿಯ ಅಡುಗೆಯೂ ಇತ್ತು, ಇದರದೊಂದು ಸಾಲು ಇರಲಿಲ್ಲ. ಉಪ್ಪು, ಖಾರ, ಈರುಳ್ಳಿ ಎಂದು ಮನಸ್ಸಿಗೆ ಬಂದಂತೆ ಕಲಸಿ, ಗೋಧಿ ಕಣಕದಲ್ಲಿ ತುಂಬಿ, ಉಂಡೆ ಕಟ್ಟಿ ಸುಟ್ಟೆ. ಹೊರಗೆ ಕರಕಲು, ಒಳಗೆ ಹಸಿ. ಅವಳ ಲಿಟ್ಟಿಯೂ ಹೀಗೇ ಇರುತ್ತಿತ್ತೋ ಏನೋ, ನನಗೆ ಹೇಗೆ ಗೊತ್ತಾಗಬೇಕು? ಒಂದನ್ನು ಹಿತ್ತಲಿಗೆ ಒಯ್ದು ಎಮ್ಮೆಯ ಮುಂದೆ ಹಿಡಿದೆ. ಅದು ಮೂಸಿ ನೋಡಿ ಮುಖ ತಿರುಗಿಸಿತು. ನಮ್ಮ ಮನೆಯಲ್ಲಿ ಅವಳ ಕೈರುಚಿ ಬಲ್ಲದ್ದು ಅದೊಂದೇ.