ಊರಿಲ್ಲದ ಕೊಳ

ಕಾಲೇಜಿನ ಗುಂಪು ಫೋಟೋಗಳಲ್ಲಿ ನಕ್ಷೆ ಮೇಷ್ಟ್ರನ್ನು ಹುಡುಕುವುದು ಸುಲಭವಲ್ಲ. ಒಂದು ವರ್ಷದ ಫೋಟೋದಲ್ಲಿ ಅವರ ಕಿವಿ ಮಾತ್ರ ಇದೆ. ಇನ್ನೊಂದರಲ್ಲಿ ಕಂಬದ ಪಕ್ಕದಿಂದ ಇಣುಕಿದ ಅರ್ಧ ಭುಜ. ಭೂಗೋಳ ಪಾಠ ಮಾಡುತ್ತಾ ಮಾಡುತ್ತಾ ತಲೆ ನರೆತಿತ್ತು, ಆದರೂ ಯಾರಾದರೂ ತಮ್ಮ ಹೆಸರನ್ನು ಗಟ್ಟಿಯಾಗಿ ಕೂಗಿದರೆ ಕದ್ದು ಸಿಕ್ಕಿಬಿದ್ದವರ ಹಾಗೆ ಬೆಚ್ಚುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಸಹಿ ಸತ್ತ ಇರುವೆಯಷ್ಟು. ತರಗತಿಯಲ್ಲಿ ಗೋಡೆಗೆ ನಕ್ಷೆ ತೂಗುಹಾಕಿದ ಮೇಲೆ ಮಾತ್ರ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಆಗ ಎಲ್ಲರೂ ನಕ್ಷೆಯನ್ನೇ ನೋಡುತ್ತಾರಲ್ಲ, ಅದಕ್ಕೆ.

ಅವರ ಅಕ್ಕ ಇದಕ್ಕೆ ತದ್ವಿರುದ್ಧ. ಬೀದಿಯ ತುದಿಯಲ್ಲಿ, ಇಳಿಜಾರು ಮುಗಿಯುವ ಕಡೆ, ಅವರ ಮನೆ. ಮುಂದಿನ ಕೋಣೆಯಲ್ಲಿ ಅಕ್ಕನ ಇಸ್ತ್ರಿ ಅಂಗಡಿ, ಮಾಳಿಗೆಯ ಕೋಣೆಯಲ್ಲಿ ಮೇಷ್ಟ್ರು. ಬೀದಿಯಲ್ಲಿ ಯಾರ ಮನೆಯ ಜಗಳವಾದರೂ ತೀರ್ಮಾನಕ್ಕೆ ಬರುತ್ತಿದ್ದದ್ದು ಅಕ್ಕನ ಇಸ್ತ್ರಿ ಮೇಜಿನ ಮುಂದೆ. ನಮ್ಮಿಬ್ಬರಿಗೂ ಸೇರಿ ದೇವರು ಒಂದೇ ಬಾಯಿ ಕೊಟ್ಟ, ಹಿರಿಯಳು ಅಂತ ಅದು ನನ್ನ ಪಾಲಿಗೆ ಬಂತು ಅಂತ ಅವಳು ಗಿರಾಕಿಗಳಿಗೆ ಹೇಳುತ್ತಿದ್ದಳು. ಮೇಷ್ಟ್ರು ಅದನ್ನು ಮಹಡಿ ಮೆಟ್ಟಿಲ ಮೇಲಿಂದ ಕೇಳಿಸಿಕೊಂಡು, ನಿಜವೇ ಅಂದುಕೊಂಡು, ಸದ್ದಿಲ್ಲದೆ ಹತ್ತಿ ಹೋಗುತ್ತಿದ್ದರು.

ಮನೆಯ ಹಿಂಬಾಗಿಲು ತೆರೆದರೆ ಕೊಳ. ಅಂಥ ನೋಡುವಂಥ ಕೊಳವೇನಲ್ಲ. ದಡದಲ್ಲಿ ಜೊಂಡು, ನಾಲ್ಕಾರು ಕಲ್ಲು ಮೆಟ್ಟಿಲು, ಒಗೆದ ಬಟ್ಟೆ ಒಣಗಲು ಹಗ್ಗ. ಆದರೆ ಮಳೆ ಬಂದಾಗ ಇಡೀ ಬೀದಿಯ ನೀರು ಅಲ್ಲಿಗೆ ಹೋಗಿ ಇಳಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಯಾರೋ ಕಟ್ಟಡದ ಒಡಕಲು ಸುರಿದು ಕೊಳದ ಬಾಯಿ ಕಟ್ಟಿಕೊಂಡಾಗ ಏನಾಯಿತು ಅಂತ ಬೀದಿಗೆಲ್ಲ ಗೊತ್ತು. ನೀರು ಹೋಗಲು ದಾರಿಯಿಲ್ಲದೆ ತಿರುಗಿ ಬಂದು ಅಂಗಡಿಯೊಳಗೆ ನಿಂತಿತು. ವಕೀಲರೊಬ್ಬರ ಕಪ್ಪು ಕೋಟು ಕೈ ಎರಡೂ ಚಾಚಿಕೊಂಡು ಬಾಗಿಲ ತನಕ ತೇಲಿ ಹೋಯಿತು. ವಾದ ಮಾಡೋಕೆ ಹೊರಟಿತ್ತು ಕಣೋ ಅಂತ ಅಕ್ಕ ಈಗ ನಗುತ್ತಾಳೆ. ಆಗ ಅವಳು ಮೇಜಿನ ಮೇಲೆ ಹತ್ತಿ ಕೂತು ಸದ್ದಿಲ್ಲದೆ ಅತ್ತಿದ್ದಳು. ಅದನ್ನು ನೋಡಿದ್ದು ಮೇಷ್ಟ್ರು ಒಬ್ಬರೇ.

ಹಾಗಿರುವಾಗ ಊರಾಡಳಿತದವರು ಕೊಳವನ್ನು ಮುಚ್ಚಿ ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟರು. ಅದಕ್ಕೆ ಅವರಿಟ್ಟ ಹೆಸರು ‘ಹಸಿರು ನಿಲುಗಡೆ ಯೋಜನೆ’. ಸಿಮೆಂಟಿಗೆ ಹಸಿರು ಬಣ್ಣ ಬಳಿಯುವವರಿದ್ದರು.

ಆಕ್ಷೇಪಣೆ ಇದ್ದವರು ಬರಬಹುದು ಎಂದು ಕಚೇರಿಯಲ್ಲಿ ವಿಚಾರಣೆ ಇಟ್ಟಾಗ ಅಕ್ಕ ಬೀದಿಯವರನ್ನೆಲ್ಲ ಕರೆದುಕೊಂಡು ಹೋದಳು. ಮೇಷ್ಟ್ರೂ ಹೋಗಿ ಕಂಬ ಇರುವ ಜಾಗ ನೋಡಿ ನಿಂತುಕೊಂಡರು. ವಿಚಾರಣೆ ನಡೆಸಿದ್ದು ಕನ್ನಡಕದ ಅಧಿಕಾರಿ ಮೇಡಂ. ಯೋಜನೆಯ ಕಡೆಯಿಂದ ತಜ್ಞರೊಬ್ಬರು ಬಂದಿದ್ದರು. ಅಕ್ಕ ನೀರು ಬಂದ ಕಥೆಯನ್ನು ಕೋಟಿನ ಸಮೇತ ಹೇಳಿದಳು. ತಜ್ಞರು ಮೃದುವಾಗಿ ನಕ್ಕರು.

“ಅಮ್ಮಾ, ಇದು ನಿಮ್ಮ ಭಾವನೆ. ವಿಜ್ಞಾನ ಅಲ್ಲ.”

“ನೀರು ಒಳಗೆ ಬಂದಾಗ ಅದರಲ್ಲಿ ಭಾವನೆ ಇರಲಿಲ್ಲ ಸಾರ್,” ಅಂದಳು ಅಕ್ಕ. “ಕೆಸರಿತ್ತು.”

ಮೇಡಂ ಬರೆಯುವುದನ್ನು ನಿಲ್ಲಿಸಿ ಅಕ್ಕನನ್ನು ನೋಡಿದರು. ಬಾಯಿಮಾತನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲ, ಮಾನ್ಯತೆ ಇರುವ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದದ್ದು ಏನಾದರೂ ಇದ್ದರೆ ಮುಂದಿನ ವಿಚಾರಣೆಗೆ ತನ್ನಿ, ಪರಿಗಣಿಸುತ್ತೇನೆ ಎಂದರು. ಅಕ್ಕ ಹಿಂತಿರುಗಿ ಕಂಬವನ್ನು ನೋಡಿದಳು. ಕಂಬದ ಹಿಂದಿದ್ದವರು ಇನ್ನೂ ಅರ್ಧ ಹೆಜ್ಜೆ ಹಿಂದೆ ಸರಿದರು.

ಮೇಷ್ಟ್ರು ಆ ಮಳೆಗಾಲವಿಡೀ ಪ್ಯಾಂಟು ಮಡಚಿಕೊಂಡು ಬೀದಿಯಲ್ಲಿ ನೀರು ಅಳೆದರು. ಯಾವ ಮೋರಿಯಿಂದ ಎಷ್ಟು ಬರುತ್ತದೆ, ಕೊಳ ಎಷ್ಟು ಕುಡಿಯುತ್ತದೆ, ಕೊಳ ಇಲ್ಲದಿದ್ದರೆ ಅದು ಯಾರ ಹೊಸ್ತಿಲು ದಾಟುತ್ತದೆ, ಎಲ್ಲವನ್ನೂ ಬರೆದರು. ಆಮೇಲೆ ಭೂಗೋಳ ಮತ್ತು ಸುಸ್ಥಿರ ಅಭಿವೃದ್ಧಿಯ ಕುರಿತ ಒಂದು ಸಂಶೋಧನಾ ಪತ್ರಿಕೆಯನ್ನು ಆರಿಸಿ, ಅದಕ್ಕೆ ಲೇಖನ ಕಳಿಸುವವರಿಗಾಗಿ ಕೊಟ್ಟಿದ್ದ ಸೂಚನೆಗಳನ್ನು ಓದಲು ಕೂತರು. ಅಕ್ಷರದ ಗಾತ್ರ ಇಷ್ಟು, ಅಂಚು ಇಷ್ಟು, ಸಾರಾಂಶ ಇಷ್ಟು ಎಂದೆಲ್ಲ ಇತ್ತು. ನಡುವೆ ಒಂದು ಸಾಲು ಅವರ ಕಣ್ಣಿಗೆ ಬಿತ್ತು. ಲೇಖನವನ್ನು ಒಪ್ಪಬೇಕೋ ಬೇಡವೋ ಎಂದು ನೋಡುವ ಇಬ್ಬರು ವಿಮರ್ಶಕರಿಗೆ ಬರೆದವರು ಯಾರೆಂದು ತಿಳಿಯಬಾರದು. ಆದ್ದರಿಂದ ಲೇಖಕರ ಗುರುತು ಸಿಗುವಂಥ ಯಾವ ವಿವರವೂ ಇರಕೂಡದು.

ಮೇಷ್ಟ್ರು ಅದನ್ನು ಮತ್ತೆ ಮತ್ತೆ ಓದಿದರು. ಈ ಪ್ರಪಂಚದಲ್ಲಿ ತಮಗೆ ಅಳತೆ ತೆಗೆದು ಹೊಲಿದಂಥ ನಿಯಮವೂ ಒಂದಿದೆ ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ತಮ್ಮ ಹೆಸರು ತೆಗೆದರು. ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಮೇಷ್ಟ್ರು ಯೋಚಿಸಿದರು: ಕಾಲೇಜಿನ ಹೆಸರಿದ್ದರೆ ನಾನು ಸಿಗುತ್ತೇನೆ. ಅದನ್ನೂ ತೆಗೆದರು. ಊರಿನ ಹೆಸರಿದ್ದರೆ ಕಾಲೇಜು ಸಿಗುತ್ತದೆ. ಊರು ಹೋಯಿತು. ಅಕ್ಷಾಂಶ ರೇಖಾಂಶ ಇದ್ದರೆ ಊರು ಸಿಗುತ್ತದೆ ಅಂತ ಅವನ್ನೂ ಅಳಿಸಿದರು. ಬೀದಿ ‘ಬೀದಿ ಅ’ ಆಯಿತು, ಕೊಳ ‘ಕೊಳ ಕ’ ಆಯಿತು. ಕೊನೆಗೆ ನಕ್ಷೆಯಲ್ಲಿ ಉತ್ತರ ದಿಕ್ಕು ತೋರಿಸುವ ಬಾಣ ಉಳಿದಿತ್ತು. ಚುರುಕು ಬುದ್ಧಿಯವರು ಅದನ್ನು ಹಿಡಿದುಕೊಂಡು ಬಂದರೂ ಬರಬಹುದು ಅನ್ನಿಸಿ ಅದನ್ನೂ ಒರೆಸಿ ಹಾಕಿದರು. ಇಷ್ಟು ವರ್ಷ ಉತ್ತರದ ಬಾಣ ಮರೆತ ಮಕ್ಕಳಿಗೆಲ್ಲ ಅಂಕ ಕತ್ತರಿಸಿದವರು ಅವರೇ.

ಒಂದು ಫೋಟೋ ಇತ್ತು. ಕೊಳದ ಮೆಟ್ಟಿಲು, ಅದರ ಮೇಲೆ ಬಟ್ಟೆ ಹಿಂಡುತ್ತಾ ನಿಂತ ಅಕ್ಕ. ಅವಳು ಅದಕ್ಕಾಗಿಯೇ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ಮೇಷ್ಟ್ರು ಬಲಗಡೆಯಿಂದ ಕತ್ತರಿಸುತ್ತಾ ಬಂದರು. ಅರ್ಧ ಮೆಟ್ಟಿಲು ಉಳಿಯಿತು.

ಆ ಹೊತ್ತಿಗೆ ಟೀ ತಂದ ಅಕ್ಕ ಅದನ್ನು ನೋಡಿದಳು. “ನೀನು ಅಡಗಿಕೊಳ್ಳೋದು ಹಳೇ ಕಥೆ,” ಅಂದಳು. “ನನ್ನನ್ನು ಯಾಕೋ ಅಳಿಸಿದೆ?”

ನಿಯಮ ಅಂತ ಮೇಷ್ಟ್ರು ಗೊಣಗಿದರು. ಅಕ್ಕ ಟೀ ಇಟ್ಟು ಕೆಳಗೆ ಹೋದಳು. ಅವತ್ತು ಇಸ್ತ್ರಿ ಪೆಟ್ಟಿಗೆ ಮೇಜಿಗೆ ಬಡಿಯುವ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರಿಗೆ ಲೇಖನ ತೋರಿಸಿದರು. ಅವರು ಕೊನೆಯ ಪುಟದವರೆಗೆ ಮಗುಚಿ, ಭೂಗೋಳದ ಲೇಖನದಲ್ಲಿ ಭೂಮಿ ಎಲ್ಲಿ ಮಾರಾಯರೇ ಎಂದು ಕೇಳಿದರು. ಮೇಷ್ಟ್ರು ನಿಯಮ ತೋರಿಸಿದರು. ನೀವು ಅಂಗಿ ಬಿಚ್ಚು ಅಂದರೆ ಚರ್ಮವನ್ನೂ ಸುಲಿದುಕೊಳ್ಳುವವರು ಅಂತ ಮುಖ್ಯಸ್ಥರು ನಕ್ಕರು. ಮೇಷ್ಟ್ರು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು. ಅವತ್ತೇ ಕಳುಹಿಸುವ ಗುಂಡಿಯನ್ನು ಒತ್ತಿದರು.

ಬಹಳ ತಿಂಗಳು ಸುದ್ದಿ ಇರಲಿಲ್ಲ. ಆಮೇಲೆ ಮೊದಲನೆಯ ವಿಮರ್ಶಕರ ಅಭಿಪ್ರಾಯ ಬಂತು. ವಾಕ್ಯಗಳು ತೀರಾ ಖಚಿತವಾಗಿವೆ, ಸಂಶೋಧಕರಿಗೆ ಅಷ್ಟು ಧೈರ್ಯ ಒಳ್ಳೆಯದಲ್ಲ ಎಂದಿತ್ತು. ತಮ್ಮನ್ನು ಧೈರ್ಯಸ್ಥರೆಂದು ಯಾರಾದರೂ ಅಂದಿದ್ದು ಅದೇ ಮೊದಲು. ಮೇಷ್ಟ್ರು ನಾಚಿಕೊಂಡು ಎಲ್ಲವನ್ನೂ ತಿದ್ದಿದರು. ‘ನೀರು ಮನೆಗೆ ನುಗ್ಗುತ್ತದೆ’ ಎಂದಿದ್ದದ್ದು ‘ನುಗ್ಗುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು’ ಎಂದಾಯಿತು. ‘ಬೇರೆ ದಾರಿಯಿಲ್ಲ’ ಎಂದಿದ್ದದ್ದು ‘ಕೆಲವು ಸಂದರ್ಭಗಳಲ್ಲಿ ಬೇರೆ ವ್ಯವಸ್ಥೆಯೂ ಸಾಧ್ಯವಾಗಬಹುದು’ ಎಂದಾಯಿತು. ಓದಿಸಿಕೊಂಡ ಅಕ್ಕ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯಲ್ಲೋ, ನೀರು ನಮ್ಮನೆಗೆ ಬರುತ್ತೋ ಇಲ್ಲವೋ ಎಂದು ಕೇಳಿದಳು. ಬರುತ್ತೆ ಅಕ್ಕ, ಆದರೆ ಹಾಗೆ ಹೇಳುವ ಹಾಗಿಲ್ಲ ಎಂದರು ಮೇಷ್ಟ್ರು.

ಎರಡನೆಯ ವಿಮರ್ಶಕರಂತೂ ಲೇಖನವನ್ನು ತಲೆಯ ಮೇಲೆ ಹೊತ್ತುಕೊಂಡರು. ಈ ಕ್ಷೇತ್ರದ ಎಲ್ಲರೂ ತಂತಮ್ಮ ಊರಿಗೆ ಅಂಟಿಕೊಂಡು ಬರೆಯುವಾಗ ಈ ಲೇಖಕರು ಸ್ಥಳದ ಹಂಗನ್ನೇ ತೊರೆದಿದ್ದಾರೆ, ದಿಕ್ಕನ್ನೂ ಬಿಟ್ಟುಕೊಟ್ಟ ಈ ಎದೆಗಾರಿಕೆ ಅಪರೂಪದ್ದು, ಒಂದಕ್ಷರವನ್ನೂ ಬದಲಿಸದೆ ಪ್ರಕಟಿಸಬೇಕು ಎಂದು ಬರೆದಿದ್ದರು.

ಲೇಖನ ಸ್ವೀಕೃತವಾಯಿತು. ಈಗ ಕೊಳದ ಹೆಸರನ್ನು ಮರಳಿ ಸೇರಿಸಬಹುದೇ ಎಂದು ಮೇಷ್ಟ್ರು ಸಂಪಾದಕರಿಗೆ ಅಳುಕುತ್ತಾ ಬರೆದರು. ವಿಮರ್ಶಕರು ಒಪ್ಪಿದ್ದು ಊರಿಲ್ಲದ ಲೇಖನವನ್ನು, ಊರು ಸೇರಿಸಿದರೆ ಅದು ಬೇರೆ ಲೇಖನವಾಗುತ್ತದೆ, ಮೊದಲಿನಿಂದ ಕಳುಹಿಸಿ ಎಂದು ಉತ್ತರ ಬಂತು. ಮುಂದಿನ ವಿಚಾರಣೆ ಹೊಸಿಲಿಗೆ ಬಂದು ನಿಂತಿತ್ತು. ಇದ್ದ ಹಾಗೆಯೇ ಅಚ್ಚು ಮಾಡಿ ಎಂದು ಮೇಷ್ಟ್ರು ಬರೆದರು. ಲೇಖನ ಅಚ್ಚಾಯಿತು. ಮೇಲೆ ಅವರ ಹೆಸರಿನ ಬದಲು ಎರಡು ಇನಿಷಿಯಲ್ ಮಾತ್ರ ಇದ್ದವು. ಅದೂ ಅವರೇ ಕೇಳಿಕೊಂಡದ್ದು.

ವಿಚಾರಣೆಯ ದಿನ ಅಕ್ಕ ಪತ್ರಿಕೆಯನ್ನು ಒಂದು ಸುಕ್ಕೂ ಆಗದ ಹಾಗೆ ಇಸ್ತ್ರಿ ಬಟ್ಟೆಗಳ ನಡುವೆ ಇಟ್ಟುಕೊಂಡು ಹೋಗಿ ಮೇಡಂ ಮುಂದಿಟ್ಟಳು. ಮೇಡಂ ಓದಿದರು. ಬಹಳ ಚೆನ್ನಾಗಿದೆ, ಆದರೆ ಇದು ಎಲ್ಲಿಯ ಕೊಳ ಎಂದು ಕೇಳಿದರು.

ತಜ್ಞರ ಚೀಲದಿಂದಲೂ ಅದೇ ಪತ್ರಿಕೆ ಹೊರಬಂತು. ಬೇರೆ ವ್ಯವಸ್ಥೆಯೂ ಸಾಧ್ಯವಾಗಬಹುದು ಎಂಬ ಸಾಲನ್ನು ಅವರು ಎರಡು ಸಲ ಗಟ್ಟಿಯಾಗಿ ಓದಿದರು. “ಅಲ್ಲದೆ ಮೇಡಂ, ಇದು ಇವರ ಕೊಳವೇ ಅಂತ ಎಲ್ಲಿದೆ? ಊರಿಲ್ಲ, ದಿಕ್ಕಿಲ್ಲ. ಯಾವ ಕೊಳ ಬೇಕಾದರೂ ಆಗಿರಬಹುದು.”

ಬರೆದವರು ಯಾರು, ಅವರನ್ನು ಕೇಳಬಹುದೇ ಎಂದರು ಮೇಡಂ.

ಬೀದಿಯವರೆಲ್ಲ ಅಕ್ಕನ ಕಡೆ ನೋಡಿದರು. ಅಕ್ಕ ಬಾಯಿ ತೆರೆದಳು. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡು ತಲೆ ತಗ್ಗಿಸಿ ಕೂತಳು. ಕಂಬದ ಕಡೆ ತಿರುಗಲೂ ಇಲ್ಲ. ತಮ್ಮನನ್ನು ಎಳೆದು ನಿಲ್ಲಿಸುವುದು ಅವಳಿಗೆ ಬೇಕಿರಲಿಲ್ಲ. ಅಕ್ಕ ಸುಮ್ಮನಿದ್ದದ್ದನ್ನು ಮೇಷ್ಟ್ರು ತಮ್ಮ ಜನ್ಮದಲ್ಲಿ ಅದಕ್ಕೆ ಮುಂಚೆ ನೋಡಿದ್ದು ಒಂದೇ ಸಲ, ನೀರು ನುಗ್ಗಿದ ದಿನ ಆ ಇಸ್ತ್ರಿ ಮೇಜಿನ ಮೇಲೆ. ಅವರ ಕಾಲುಗಳು ಅವರನ್ನು ಕೇಳದೆ ಕಂಬದಾಚೆಗೆ ಬಂದವು.

“ನಾನೇ ಮೇಡಂ ಬರೆದದ್ದು. ಅದು ನಮ್ಮ ಮನೆ ಹಿಂದಿನ ಕೊಳ. ಅರ್ಧ ಕಾಣುವ ಮೆಟ್ಟಿಲ ಇನ್ನರ್ಧದ ಮೇಲೆ ನಮ್ಮಕ್ಕ ನಿಂತಿದ್ದಳು, ನಾನು ಕತ್ತರಿಸಿದೆ. ಸಾಧ್ಯತೆ ಗೀಧ್ಯತೆ ಏನಿಲ್ಲ. ನೀರು ಬರುತ್ತೆ.”

ಅದು ಕೊನೆಯ ಸಾಲಿನವರಿಗೂ ಕೇಳಿಸಿತು. ನೀವು ಅದೇ ಮನೆಯಲ್ಲಿ ಇರುವುದೇ ಎಂದು ಮೇಡಂ ಕೇಳಿದರು. ಹೌದು ಎಂದರು ಮೇಷ್ಟ್ರು.

ತಜ್ಞರಿಗೆ ಖುಷಿಯಾಯಿತು. ಹಾಗಾದರೆ ಇವರು ಹಿತಾಸಕ್ತಿ ಇರುವ ವ್ಯಕ್ತಿ, ಇವರ ಮಾತನ್ನು ನಿಷ್ಪಕ್ಷಪಾತ ಎಂದು ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ನಿಯಮವೂ ಹಾಗೆಯೇ ಇತ್ತು. ಮೇಷ್ಟ್ರು ಬಾಯಿ ಬಿಟ್ಟದ್ದು ಮೊದಲನೆಯ ಸಲ, ಅದನ್ನೂ ಕಡತದಿಂದ ತೆಗೆದುಹಾಕಲಾಯಿತು.

ಮೇಡಂ ಕನ್ನಡಕ ಒರೆಸಿಕೊಂಡರು. ಲೇಖಕರ ಮಾತು ಬಿಡೋಣ, ಅಚ್ಚಾದ ಲೇಖನ ಕಡತದಲ್ಲಿ ಇದೆಯಲ್ಲ, ಅದರ ಪ್ರಕಾರ ಯಾವುದೋ ಒಂದು ಕೊಳ ಮುಚ್ಚಿದರೆ ಒಂದು ಬೀದಿ ಮುಳುಗಬಹುದು ಎಂದರು. ಆಮೇಲೆ ತಜ್ಞರ ಕಡೆ ತಿರುಗಿದರು.

“ಯಾವ ಕೊಳ ಬೇಕಾದರೂ ಆಗಿರಬಹುದು ಅಂತ ಈಗ ತಾನೇ ನೀವೇ ಹೇಳಿದಿರಿ. ಅದು ಯಾವುದು ಅಂತ ಗೊತ್ತಾಗುವವರೆಗೆ ಈ ಊರಿನ ಯಾವ ಕೊಳವನ್ನೂ ಮುಚ್ಚುವ ಹಾಗಿಲ್ಲ.”

ಮೇಡಂ ನಕ್ಕರೋ ಇಲ್ಲವೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಲೇಖನದ ಕೊಳವನ್ನು ಪತ್ತೆ ಹಚ್ಚಲು ಒಂದು ಸಮಿತಿ ಮಾಡಿ, ತಜ್ಞರನ್ನೇ ಅದರ ಮುಖ್ಯಸ್ಥರನ್ನಾಗಿ ಹಾಕಿದರು.

ಸಮಿತಿ ಇವತ್ತಿಗೂ ಹುಡುಕುತ್ತಿದೆ. ಊರಿನ ಒಂದೊಂದೇ ಕೊಳಕ್ಕೆ ಹೋಗಿ, ಅಳತೆ ಪಟ್ಟಿ ಹಿಡಿದು, ಅರ್ಧ ಮೆಟ್ಟಿಲ ಫೋಟೋವನ್ನು ಪಕ್ಕದಲ್ಲಿಟ್ಟು ನೋಡುತ್ತದೆ. ಅದು ನಮ್ಮದೇ ಅಂತ ಸಮಿತಿ ಒಪ್ಪಿಕೊಂಡುಬಿಟ್ಟರೆ ಊರಿನ ಮಿಕ್ಕ ಕೊಳಗಳನ್ನೆಲ್ಲ ಮುಚ್ಚಿಬಿಡಬಹುದು, ಹುಡುಕುತ್ತಾ ಇರಲಿ ಬಿಡು ಎಂಬುದು ಅಕ್ಕನ ಲೆಕ್ಕ. ಹಿತಾಸಕ್ತಿ ಇರುವ ವ್ಯಕ್ತಿಯಾದ್ದರಿಂದ ಮೇಷ್ಟ್ರನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಕೇಳದಿದ್ದರೆ ಸುಮ್ಮನಿರುವುದು ಅವರಿಗೆ ಚೆನ್ನಾಗಿ ಬರುತ್ತದೆ.

ಸಮಿತಿ ಇವರ ಕೊಳಕ್ಕೂ ಬಂದಿತ್ತು. ಅಕ್ಕ ಎಲ್ಲರಿಗೂ ಟೀ ಕೊಟ್ಟು, ಅದೇ ಒಳ್ಳೆಯ ಸೀರೆ ಉಟ್ಟು ಬಂದು ಮೆಟ್ಟಿಲ ಮೇಲೆ ನಿಂತಳು. ಸ್ವಲ್ಪ ಪಕ್ಕಕ್ಕೆ ಬನ್ನಿ ಅಮ್ಮಾ ಎಂದರು ಕ್ಯಾಮೆರಾದವರು. ಅವಳು ಕದಲಲಿಲ್ಲ. ತಿರುಗಿ ಮಾಳಿಗೆಯ ಕಡೆ ಕೈ ಬೀಸಿದಳು. ಮೇಷ್ಟ್ರು ಇಳಿದು ಬಂದು ಅವಳ ಪಕ್ಕದಲ್ಲಿ, ಕಂಬವಿಲ್ಲದ ಕಡೆ, ಮುಖ ಮುಂದೆ ಮಾಡಿ ನಿಂತರು.

‘ಹೋಲುತ್ತದೆ, ಆದರೆ ಖಚಿತವಾಗಿ ಹೇಳಲಾಗದು’ ಎಂದು ಸಮಿತಿ ವರದಿ ಬರೆಯಿತು. ಜೊತೆಗೆ ಫೋಟೋವನ್ನೂ ಸೇರಿಸಿತು. ಅದರಲ್ಲಿ ಅಕ್ಕ ಸೆರಗಿನ ಅಂಚಿನ ತನಕ ಪೂರ್ತಿ ಇದ್ದಾಳೆ. ಹಿತಾಸಕ್ತಿ ಇರುವ ವ್ಯಕ್ತಿ ವರದಿಯಲ್ಲಿ ಕಾಣಬಾರದು ಎಂಬ ಕಾರಣಕ್ಕೆ ಎಡಭಾಗವನ್ನು ಕತ್ತರಿಸಲಾಗಿದೆ.

ಅಕ್ಕ ಅದರ ಒಂದು ಪ್ರತಿಯನ್ನು ತರಿಸಿಕೊಂಡು ಇಸ್ತ್ರಿ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದಾಳೆ. ಬಟ್ಟೆ ಕೊಡಲು ಬಂದವರು ಫೋಟೋದ ಅಂಚಿನಲ್ಲಿ ಇಣುಕುವ ಮೊಣಕೈ ಯಾರದು ಎಂದು ಕೇಳುತ್ತಾರೆ.

“ನನ್ನ ತಮ್ಮಂದು,” ಅನ್ನುತ್ತಾಳೆ ಅಕ್ಕ. “ಈ ಸಲ ಅವನು ಅಡಗಿಕೊಂಡಿರಲಿಲ್ಲ. ಅವರೇ ಕತ್ತರಿಸಿದ್ದು.”